ಕೊಕ್ಕಿನೊಳಗಿನ ಹಲ್ಲು

ಮಾಲೂರಿನಿಂದ ಟೇಕಲ್ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ಹ್ಯಾಚರಿ ಇದೆ. ಕೋಳಿಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುವ ಜಾಗ. ಅಲ್ಲಿ ಸೇರಿ ಅಲ್ಲಿಂದಲೇ ನಿವೃತ್ತಳಾದವಳು ನಾನು. ಮರಿಗಳನ್ನು ನೋಡಿಕೊಳ್ಳುವವರು ಬೇರೆ ಇದ್ದರು. ಮರಿಯಾಗದೆ ಉಳಿದ ಮೊಟ್ಟೆಗಳನ್ನು ಒಡೆದು, ಒಳಗಿನ ಜೀವ ಯಾವ ಹಂತದಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಹೇಳುವುದು ನನ್ನ ಕೆಲಸ. ಅಲ್ಲಿ ದುಡಿಯುವ ಹೆಂಗಸರು ನನ್ನನ್ನು ‘ಮೊಟ್ಟೆ ಒಡೆಯೋ ಮೇಡಮ್ಮ’ ಅನ್ನುತ್ತಿದ್ದರು. ವಕ್ಕಲೇರಿಯ ನಮ್ಮ ಮನೆಯಲ್ಲಿ ನನ್ನ ಅತ್ತೆ ಮಾತ್ರ ಬಹಳ ವರ್ಷ ಈ ವಿಷಯ ಯಾರಿಗೂ ಬಿಡಿಸಿ ಹೇಳಲಿಲ್ಲ. ಕೇಳಿದವರಿಗೆ ‘ಫ್ಯಾಕ್ಟರಿ ಕೆಲಸ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದರು.

ಈಚೆಗೆ ಪ್ರಾಣಿಶಾಸ್ತ್ರ ಓದಿದ ಹುಡುಗಿಯರು ಇಂಥ ಲ್ಯಾಬುಗಳಿಗೆ ಸೇರುತ್ತಿದ್ದಾರೆ. ಅವರಿಗೆ ಯಾರೂ ಹೇಳದ ಒಂದು ಮಾತಿದೆ: ಈ ಕೆಲಸದಲ್ಲಿ ಭಯವಾಗುತ್ತದೆ. ದೆವ್ವ ಭೂತದ ಭಯವಲ್ಲ. ಇದು ಬೇರೆ ಜಾತಿಯದು.

ಕಾವುಯಂತ್ರಗಳ ಕೋಣೆಗೆ ಮೊದಲ ಸಲ ಕಾಲಿಟ್ಟಾಗಲೇ ನನಗೆ ಅದು ತಗುಲಿತು. ಬೆಚ್ಚಗೆ, ಒದ್ದೆಯಾಗಿ, ಮಬ್ಬಾಗಿ ಇರುವ ಕೋಣೆ. ಯಾವುದೋ ದೊಡ್ಡ ಪ್ರಾಣಿಯ ಹೊಟ್ಟೆಯೊಳಗೆ ಹೊಕ್ಕ ಹಾಗೆ. ಮೊಟ್ಟೆ ಒಂದೇ ಮಗ್ಗುಲಲ್ಲಿದ್ದರೆ ಒಳಗಿನ ಪಿಂಡ ಚಿಪ್ಪಿಗೆ ಅಂಟಿಕೊಳ್ಳುತ್ತದೆ ಎಂದು ಟ್ರೇಗಳು ತಾವಾಗಿಯೇ ಆಗಾಗ ಓರೆಯಾಗುತ್ತವೆ. ಯಾರೂ ಮುಟ್ಟಿರುವುದಿಲ್ಲ. ಸುಮ್ಮನೆ ನಿಂತಿದ್ದಾಗ ಇಡೀ ಕೋಣೆ ಕಿರುಗುಟ್ಟಿ ಒಂದು ಮಗ್ಗುಲಿಗೆ ಹೊರಳುತ್ತದೆ. ನಾನು ಬೆಚ್ಚಿ ಬಾಗಿಲಿಗೆ ಆತುಕೊಂಡೆ.

ಆಗಿನ ಮ್ಯಾನೇಜರು ವೆಂಕಟರೆಡ್ಡಿಯವರು. ಮನೆಮಾತು ತೆಲುಗು. ನಗುವುದು ಕಡಿಮೆ. ಅವರು ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮರಿ ಹೊರಬರುವ ಹೊತ್ತು ಹತ್ತಿರವಾದ ಮೊಟ್ಟೆಗಳು ಅಲ್ಲಿದ್ದವು. ಒಂದನ್ನು ತೆಗೆದು ನನ್ನ ಕೈಗಿಟ್ಟರು.

“ಏಮ್ಮಾ, ಕಿವಿಗಿಟ್ಕೋ.”

ಇಟ್ಟುಕೊಂಡೆ. ಚಿಪ್ಪು ಎಲ್ಲೂ ಬಿರಿದಿರಲಿಲ್ಲ. ಒಳಗಿನಿಂದ ಸಣ್ಣಗೆ, ಸ್ಪಷ್ಟವಾಗಿ, ಚಿಂವ್ ಚಿಂವ್ ಎಂಬ ದನಿ.

“ಒಳಗಡೆಯಿಂದಾನೇ ಮಾತಾಡ್ತವೆ. ಪಕ್ಕದ ಮೊಟ್ಟೆ ಜೊತೆ” ಎಂದರು ರೆಡ್ಡಿಯವರು. ಕೋಣೆಯೆಲ್ಲ ಆ ದನಿಯಿಂದ ತುಂಬಿತ್ತು. ಆಮೇಲೆ ಅವರು ತುಟಿ ಚೂಪು ಮಾಡಿ ಹದ್ದಿನ ಹಾಗೆ ಉದ್ದಕ್ಕೆ ಒಂದು ಸಿಳ್ಳು ಹಾಕಿದರು. ಟ್ರೇಗಳೆಲ್ಲ ಒಮ್ಮೆಲೇ ಸುಮ್ಮನಾದವು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ.

“ಇವು ಹದ್ದು ನೋಡಿಲ್ಲ. ಬೆಳಕೇ ನೋಡಿಲ್ಲ. ಇವಕ್ಕೆ ಯಾರಮ್ಮಾ ಹೇಳಿಕೊಟ್ಟೋರು?”

ನಾನು ಮೊಟ್ಟೆಯನ್ನು ಮೆಲ್ಲಗೆ ಟ್ರೇಗೆ ಮರಳಿ ಇಟ್ಟೆ. “ಆ ಪ್ರಶ್ನೆ ಕೇಳ್ಕೊಂತಾ ಇರು. ಅದು ನಿಂತುಹೋದ ದಿನ ಈ ಕೆಲಸ ಬಿಟ್ಬಿಡು” ಎಂದು ಹೇಳಿ ಅವರು ಹೊರಟುಹೋದರು. ನನಗೆ ಸಿಕ್ಕ ತರಬೇತಿ ಅಷ್ಟೇ.

ಆ ಕಾಲದಲ್ಲಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಲು ತಗಡಿನ ಡಬ್ಬಿಯೊಳಗೆ ಒಂದು ಬಲ್ಬು, ಡಬ್ಬಿಗೊಂದು ತೂತು. ಒಂದೊಂದೇ ಮೊಟ್ಟೆಯನ್ನು ಕೈಯಲ್ಲಿ ಹಿಡಿಯಬೇಕಿತ್ತು. ಬಲಿತ ಭ್ರೂಣಕ್ಕೆ ತನ್ನದೇ ಕಾವು ಇರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ಕಣ್ಣಿಗಿಂತ ಮುಂಚೆ ಅಂಗೈಗೆ ತಿಳಿಯುತ್ತಿತ್ತು. ಈಗ ಇಡೀ ಟ್ರೇ ಒಂದೇ ಸಲ ಬೆಳಕಿನ ಮೇಲೆ ಹಾದುಹೋಗುತ್ತದೆ, ಯಂತ್ರವೇ ಆರಿಸಿ ಪಕ್ಕಕ್ಕಿಡುತ್ತದೆ. ಒಳ್ಳೆಯದೇ, ಬೆನ್ನುನೋವು ತಪ್ಪಿತು. ಆದರೂ ಹೊಸಬರು ಒಮ್ಮೆಯಾದರೂ ಆ ತಣ್ಣನೆಯ ಮೊಟ್ಟೆಯನ್ನು ಬೆಚ್ಚನೆಯ ಮೊಟ್ಟೆಗಳ ನಡುವಿನಿಂದ ಎತ್ತಿ ನೋಡಲಿ ಅನ್ನಿಸುತ್ತದೆ.

ನನ್ನ ಜೊತೆ ಪದ್ಮ ಎಂಬವಳಿದ್ದಳು. ಶಿವಾರಪಟ್ಟಣದವಳು, ಅವರಪ್ಪ ಕಲ್ಲಿನ ವಿಗ್ರಹ ಕೆತ್ತುವವರು. ಒಂದು ದಿನ ಕಾವಿಗಿಟ್ಟು ಸ್ವಲ್ಪವೇ ದಿನವಾದ ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ಕೊರೆದು ಮೈಕ್ರೋಸ್ಕೋಪಿನ ಕೆಳಗೆ ಅವಳಿಗೆ ತೋರಿಸಿದೆ. ಹಳದಿಯ ಮೇಲೆ ಅಲ್ಪವಿರಾಮದಂಥ ಜೀವ. ಕೆಂಪು ಚುಕ್ಕೆಯೊಂದು ತಪತಪ ಬಡಿಯುತ್ತಿತ್ತು. ತಲೆಯ ಜಾಗದಲ್ಲಿ ಬರೀ ಕಣ್ಣು, ಮೈಗೆ ಹೊಂದದಷ್ಟು ದೊಡ್ಡದು.

“ನಮ್ಮಪ್ಪ ಕಣ್ಣು ಕೊನೇಗೆ ಬಿಡಿಸ್ತಾರೆ ಅಕ್ಕಾ” ಎಂದಳು ಪದ್ಮ. “ಇಲ್ಲಿ ನೋಡು, ಮೈಯೇ ಆಗಿಲ್ಲ. ಕಣ್ಣು ಆಗ್ಲೇ ನಮ್ಮನ್ನ ನೋಡ್ತಾ ಐತೆ.”

ನಾನು ಓದಿದ್ದನ್ನು ಹೇಳುವ ಹುಮ್ಮಸ್ಸಿನಲ್ಲಿದ್ದೆ. ಕುತ್ತಿಗೆಯ ಹತ್ತಿರದ ಮಡಿಕೆಗಳನ್ನು ತೋರಿಸಿದೆ. ಮೀನಿನಲ್ಲಿ ಈ ಜಾಗವೇ ಕಿವಿರಾಗುವುದು, ನಮ್ಮಲ್ಲಿ ಇದರಿಂದಲೇ ದವಡೆ, ಕಿವಿಯ ಒಳಗಿನ ಸಣ್ಣ ಮೂಳೆಗಳು. ಮೀನು, ಹಲ್ಲಿ, ಕೋಳಿ, ಮನುಷ್ಯ, ಎಲ್ಲರೂ ಇಂಥದೊಂದು ರೂಪವನ್ನು ಹಾದೇ ಬರಬೇಕು, ಬಾಲದ ಸಮೇತ ಎಂದೆ. ಪದ್ಮ ಆಗ ಬಸುರಿ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ಇದಕ್ಕೂ ಬಾಲ ಇತ್ತಾ?”

“ಇತ್ತು. ಈಗ ಕರಗಿರ್ತದೆ ಬಿಡೇ.”

ಅವಳು ಹೆರಿಗೆಯಾಗಿ ಬರುವವರೆಗೂ ಮತ್ತೆ ಆ ಮೈಕ್ರೋಸ್ಕೋಪಿನ ಹತ್ತಿರ ಸುಳಿಯಲಿಲ್ಲ.

ಇನ್ನು ನಾನು ಹೇಳಲೇಬೇಕಾದ ಪ್ರಸಂಗಕ್ಕೆ ಬರುತ್ತೇನೆ. ಇದು ನಡೆದದ್ದು ನಾನು ನಿವೃತ್ತಳಾಗುವುದಕ್ಕೆ ಕೆಲವೇ ವರ್ಷ ಮುಂಚೆ. ಅಷ್ಟರಲ್ಲಿ ನಾಟಿಕೋಳಿಗೆ ಬೇಡಿಕೆ ಬಂದು, ನಮ್ಮ ಹ್ಯಾಚರಿ ಹಳ್ಳಿಗಳಿಂದ ನಾಟಿ ಮೊಟ್ಟೆ ತರಿಸಿ ಮರಿ ಮಾಡುತ್ತಿತ್ತು. ಮುಳಬಾಗಿಲು ಕಡೆಯ ಒಂದು ಹಳ್ಳಿಯಿಂದ ನಾರಾಯಣಮ್ಮ ಎಂಬವರ ಮೊಟ್ಟೆ ಬರುತ್ತಿತ್ತು. ಅವರ ಕೋಳಿಗಳು ಹೆಸರಾದವು. ಕಪ್ಪು ಮೈ, ತಾಮ್ರದ ಕುತ್ತಿಗೆ. ಆ ಮೊಟ್ಟೆಗಳಲ್ಲಿ ಮರಿ ಕಡಿಮೆಯಾಗುತ್ತ ಬಂತು.

ಮೊದಲು ನಾವೆಲ್ಲ ಯಂತ್ರವನ್ನು ಬೈದೆವು. ಕಾವು ಹೆಚ್ಚಾದರೆ ಭ್ರೂಣ ವಿಕಾರವಾಗುತ್ತದೆ. ಥರ್ಮಾಮೀಟರ್ ಬದಲಿಸಿದೆವು, ಫ್ಯಾನು ಬಿಚ್ಚಿ ಕಟ್ಟಿದೆವು. ಪಕ್ಕದ ಟ್ರೇಯಲ್ಲಿ ಬೇರೆಯವರ ಮೊಟ್ಟೆ ಚೆನ್ನಾಗಿ ಮರಿಯಾಗುತ್ತಲೇ ಇತ್ತು. ಕೊನೆಗೆ ನಾರಾಯಣಮ್ಮನ ಮೊಟ್ಟೆಗಳನ್ನು ಒಡೆಯಲು ಕೂತೆ.

ಒಳಗಿದ್ದ ಜೀವವನ್ನು ನೋಡಿ ಇಕ್ಕಳ ಕೆಳಗಿಟ್ಟೆ. ಅಷ್ಟು ವರ್ಷದಲ್ಲಿ ಎರಡು ತಲೆಯದು, ನಾಲ್ಕು ಕಾಲಿನದು, ಕಣ್ಣೇ ಇಲ್ಲದ್ದು ಎಲ್ಲ ನೋಡಿದ್ದೆ. ಇದು ಹಾಗಲ್ಲ. ರೆಕ್ಕೆಯ ಜಾಗದಲ್ಲಿ ಬೀಸಣಿಗೆಯಂತೆ ಹರಡಿದ ಕೈ. ಅದರ ತುಂಬ ಬೆರಳು. ಯಾವುದು ಮೊದಲು, ಯಾವುದು ಕೊನೆ ಎಂದು ಗುರುತಿಲ್ಲದೆ ಎಲ್ಲವೂ ಒಂದೇ ತರಹ. ಕೊಕ್ಕು ಮೊಂಡು. ಮೈಕ್ರೋಸ್ಕೋಪಿನ ಕೆಳಗೆ ಕೊಕ್ಕಿನ ಅಂಚು ನೋಡಿದಾಗ ಅಲ್ಲಿ ಸಾಲಾಗಿ ಚೂಪಾದ ಮೊಳಕೆಗಳು. ಲೆನ್ಸ್ ಒರೆಸಿ ಮತ್ತೆ ನೋಡಿದೆ. ಪದ್ಮಳನ್ನು ಕರೆದೆ. ಅವಳು ನೋಡಿ, ಬಾಯಿಗೆ ಸೆರಗು ಹಿಡಿದು, “ಹಲ್ಲು” ಎಂದಳು.

ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿನಿಂದ ಅನಿತಾ ಎಂಬ ಹುಡುಗಿ ಆಗಾಗ ಭ್ರೂಣಗಳಿಗಾಗಿ ನಮ್ಮಲ್ಲಿಗೆ ಬರುತ್ತಿದ್ದಳು. ಅವಳಿಗೆ ಫೋಟೋ ಕಳಿಸಿದೆ. ಬೆಳಿಗ್ಗೆ ಎದ್ದ ಹಾಗೆಯೇ ಬಂದಳು. ನೋಡಿ ಹಿಗ್ಗಿದಳು, ಹಿಗ್ಗಿದ್ದಕ್ಕೆ ನಾಚಿಕೊಂಡಳು.

“ಇದು ಹೊಸದಲ್ಲ ಮೇಡಂ, ಹಳೇದು” ಎಂದಳು. “ಹಕ್ಕಿಗಳ ಪೂರ್ವಜರಿಗೆ ಹಲ್ಲಿತ್ತು. ಹಲ್ಲು ಹೋಯ್ತು, ಹಲ್ಲು ಮಾಡೋ ಜೀನ್‌ಗಳು ಎಲ್ಲಾ ಹೋಗಲಿಲ್ಲ. ಸುಮ್ಮನೆ ಕೂತಿವೆ. ಇದರಲ್ಲಿ ಏನೋ ಕೆಟ್ಟು, ಎಷ್ಟೋ ಕೋಟಿ ವರ್ಷದ ಮೇಲೆ ಎದ್ದಿವೆ. ಮೊಸಳೆ ಮರಿಯ ಹಲ್ಲು ಹೀಗೇ ಶುರುವಾಗೋದು.”

ಮುಂದಿನ ಸಲ ಬಂದಾಗ ಬಣ್ಣ ಹಾಕಿದ ಎಳೆಯ ಭ್ರೂಣಗಳನ್ನು ತಂದಿದ್ದಳು. ಜೀನು ಮೈಯ ಪ್ರತಿ ಜೀವಕೋಶದಲ್ಲೂ ಇರುತ್ತದೆ, ಆದರೆ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಎಲ್ಲಿ ಕೆಲಸ ಮಾಡುತ್ತಿದೆಯೋ ಅಲ್ಲಿ ಮಾತ್ರ ನೇರಳೆ ಬಣ್ಣ ಹಿಡಿಯುವಂತೆ ಮಾಡಬಹುದು. ನಾನು ಕಾಲೇಜಿನಲ್ಲಿದ್ದಾಗ ಕನಸಿನಲ್ಲೂ ಇರದ ವಿದ್ಯೆ. ಸರಿಯಾದ ಭ್ರೂಣದಲ್ಲಿ ರೆಕ್ಕೆಯ ಮೊಗ್ಗಿನ ಹಿಂದಿನ ಅಂಚಿನಲ್ಲಷ್ಟೇ ನೇರಳೆ. ಆ ಅಂಚಿನಿಂದ ಹಿಡಿದು ಬೆರಳುಗಳು ತಮ್ಮ ತಮ್ಮ ಜಾಗ ತಿಳಿಯುತ್ತವೆ. ನಾರಾಯಣಮ್ಮನ ಮೊಟ್ಟೆಯದರಲ್ಲಿ ಇಡೀ ಮೊಗ್ಗು ನೇರಳೆ. ಎಲ್ಲಿ ಸುಮ್ಮನಿರಬೇಕೆಂದು ಆ ಜೀನಿಗೆ ಗೊತ್ತಿರಲಿಲ್ಲ.

ಹೊಸ ಮ್ಯಾನೇಜರು ನಾರಾಯಣಮ್ಮನಿಗೆ ಇನ್ನು ಮೊಟ್ಟೆ ಬೇಡವೆಂದು ಹೇಳಿಕಳಿಸಿದರು. ಎರಡು ದಿನಕ್ಕೆಲ್ಲ ಅವರೇ ಬಂದರು. ಎತ್ತರದ ಹೆಂಗಸು, ಬೆನ್ನು ನೆಟ್ಟಗೆ. ಮ್ಯಾನೇಜರ ಕೋಣೆಗೆ ಹೋಗದೆ ಸೀದಾ ಲ್ಯಾಬಿಗೇ ಬಂದರು.

“ಮೊಟ್ಟೆ ಒಡೆಯೋ ಮೇಡಮ್ಮ ನೀವೇನಾ? ಏನು ಕಂಡ್ರಿ ಒಳಗೆ? ನಂಗೂ ತೋರಿಸಿ.”

“ನೋಡೋಕೆ ಚೆನ್ನಾಗಿಲ್ಲಮ್ಮ.”

“ನನ್ನ ಮನೆ ಕೋಳಿ. ನಾನು ನೋಡ್ದೆ ಇನ್ಯಾರು ನೋಡ್ತಾರೆ?”

ಭ್ರೂಣವನ್ನು ಹಾಕಿಟ್ಟಿದ್ದ ಸೀಸೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅವರು ಬಗ್ಗಿ ನೋಡಿದರು. ಕೊಕ್ಕನ್ನಲ್ಲ, ಕೈಯನ್ನು. ನೋಡುತ್ತಲೇ ಇದ್ದರು. ಆಮೇಲೆ ನಿಧಾನವಾಗಿ ನನ್ನ ಸ್ಟೂಲಿನ ಮೇಲೆ ಕೂತರು.

“ದೇವುಡಾ” ಎಂದರು. “ಈ ಕೈ ನಾನು ನೋಡಿದೀನಿ.”

ಅವರು ಹೇಳಿದ್ದು ಇಷ್ಟು. ಮಗ ಶ್ರೀನಾಥನಿಗೆ ತಮ್ಮ ಸ್ವಂತ ಅಣ್ಣನ ಮಗಳು ಗಾಯತ್ರಿಯನ್ನು ಶ್ರೀನಿವಾಸಪುರದಿಂದ ತಂದುಕೊಂಡಿದ್ದರು. ಹಿಂದಿನ ವರ್ಷ ಗಾಯತ್ರಿಗೆ ಹೆರಿಗೆಯಾಯಿತು. ಮಗು ಉಸಿರಾಡಲಿಲ್ಲ. ಅದರ ಎರಡು ಕೈಯಲ್ಲೂ ಬೆರಳು ಹೀಗೇ ಹರಡಿದ್ದವು, ಮೇಲ್ದುಟಿ ಸೀಳಿತ್ತು. ನಾರಾಯಣಮ್ಮ ತಾಯಿಗೆ ತೋರಿಸಲಿಲ್ಲ. ತಾವೇ ಬಟ್ಟೆ ಸುತ್ತಿದರು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದಿದ್ದರು, ಇವರು ಯಾರೂ ಹೋಗಲಿಲ್ಲ.

“ಊರೆಲ್ಲಾ ಅವಳ ಕಾಲ್ಗುಣ ಅಂತದೆ ಮೇಡಮ್ಮಾ. ಅವಳು ಬಂದ್ಮೇಲೆ ಕೋಳಿನೂ ಮರಿ ಮಾಡ್ಲಿಲ್ಲ. ತವರಿಗೆ ಕಳಿಸ್ಬಿಡು, ಮಗನಿಗೆ ಇನ್ನೊಂದು ನೋಡು ಅಂತಾರೆ. ನಾನೂ ಹೂಂ ಅಂದುಬಿಟ್ಟಿದ್ದೆ. ಈಗ ಇದು ನೋಡಿದ್ರೆ...” ಅವರು ಮತ್ತೊಮ್ಮೆ ಸೀಸೆಯ ಕಡೆ ನೋಡಿದರು. “ಅವಳು ದಿನಾ ಕೋಳಿಗೆ ಮೇವು ಹಾಕ್ತಾಳೆ. ಅವಳ ಹೊಟ್ಟೇಲಿದ್ದಿದ್ದು ಕೋಳಿ ಹೊಟ್ಟೇಗೆ ಹೆಂಗೆ ಹೋಯ್ತು?”

ಅಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ನನಗೂ ಒಂದು ಕ್ಷಣ ಭಯವಾದದ್ದು ಸುಳ್ಳಲ್ಲ. ಸುಧಾರಿಸಿಕೊಂಡು ನನಗೆ ಗೊತ್ತಿದ್ದ ಕಡೆಯಿಂದ ಶುರು ಮಾಡಿದೆ.

“ನಿಮ್ಮ ಹುಂಜ ಎಲ್ಲಿಂದ ತಂದಿದ್ದು?”

“ತರೋದೇನು? ನಮ್ಮ ಕೋಳಿದೇ ಮರಿ. ನಮ್ಮತ್ತೆ ಕಾಲದಿಂದ ಹೊರಗಿನ ಹುಂಜ ಬಿಟ್ಟಿಲ್ಲ. ಅದಕ್ಕೇ ಜಾತಿ ಕೆಟ್ಟಿಲ್ಲ.” ಆ ಸಂಕಟದಲ್ಲೂ ಅವರ ದನಿಯಲ್ಲಿ ಹೆಮ್ಮೆಯಿತ್ತು.

“ಆ ಹುಂಜ ಕಟ್ಟಿಹಾಕಿ. ಬೇರೆ ಊರಿಂದು ನಾನು ಕೊಡಿಸ್ತೀನಿ. ಮಿಕ್ಕಿದ್ದೇನೂ ಬದಲಾಯಿಸ್ಬೇಡಿ. ಅವೇ ಹೇಂಟೆ, ಅದೇ ಗೂಡು. ಮೇವು ಗಾಯತ್ರಿನೇ ಹಾಕಲಿ. ಮೊಟ್ಟೆ ಅವಳೇ ಎತ್ತಿ ಇಡಲಿ. ಬೇರೆ ಯಾರೂ ಮುಟ್ಟೋದು ಬೇಡ.”

“ಅವಳೇನಾ?”

“ಅವಳೇ.”

ವಕ್ಕಲೇರಿಯಲ್ಲಿ ನಮ್ಮ ಪಕ್ಕದ ಮನೆಯ ಕೆಂಚು ಹುಂಜವನ್ನು ಬುಟ್ಟಿಯಲ್ಲಿಟ್ಟು ನಾನೇ ಬಸ್ಸಿನಲ್ಲಿ ಒಯ್ದೆ. ಆ ದಿನ ಗಾಯತ್ರಿಯನ್ನು ಮೊದಲ ಸಲ ನೋಡಿದ್ದು. ಬಾಗಿಲ ಮರೆಯಲ್ಲಿ ನಿಂತಿದ್ದಳು, ಅತ್ತೆ ಕರೆದ ಮೇಲೆಯೇ ಈಚೆ ಬಂದಳು. ಬುಟ್ಟಿ ತೆಗೆದುಕೊಳ್ಳಲು ಕೈ ಚಾಚಿ, ಮುಟ್ಟಬಹುದೋ ಬಾರದೋ ಎಂಬಂತೆ ಹಿಂದಕ್ಕೆಳೆದುಕೊಂಡಳು. ನಾನು ಬುಟ್ಟಿಯನ್ನು ಅವಳ ಕೈಗೇ ಕೊಟ್ಟೆ.

ಹೇಂಟೆಗಳ ಮೈಯಲ್ಲಿ ಉಳಿದಿದ್ದ ಹಳೆಯ ಹುಂಜದ ವೀರ್ಯ ಹೋಗುವವರೆಗೂ ಕಾದು, ಆಮೇಲೆ ಇಟ್ಟ ಮೊಟ್ಟೆಗಳನ್ನು ತರಿಸಿ ಕಾವಿಗಿಟ್ಟೆವು. ಮರಿ ಒಡೆಯುವ ದಿನ ನಾರಾಯಣಮ್ಮ, ಗಾಯತ್ರಿ ಇಬ್ಬರೂ ಬಂದರು. ಬಾಗಿಲ ಗಾಜಿಗೆ ಹಣೆಯಿಟ್ಟು ನಿಂತರು. ಟ್ರೇ ಹೊರಗೆಳೆದಾಗ ಕಪ್ಪು, ಕೆಂಚು, ಚುಕ್ಕೆ, ಎಲ್ಲ ಬಣ್ಣದ ಮರಿಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಬಂಜೆ ಮೊಟ್ಟೆಗಳು ಒಂದೆರಡಿದ್ದವು, ಅದು ಎಲ್ಲಿಯೂ ಇದ್ದದ್ದೇ. ಕೈ ಹರಡಿದ್ದು ಒಂದೂ ಇರಲಿಲ್ಲ.

ಗಾಯತ್ರಿ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಅದರ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅವಳಿಗೆ ತನ್ನ ಮಗುವಿನ ಕೈ ಹೇಗಿತ್ತೆಂದು ಯಾರೂ ಹೇಳಿರಲಿಲ್ಲ. ಆದರೂ ಅವಳು ಬೆರಳನ್ನೇ ನೋಡಿದಳು. ನಾರಾಯಣಮ್ಮ ನನ್ನ ಕಡೆ ತಿರುಗಿದರು.

ಗಾಯತ್ರಿ ಕೈ ತೊಳೆಯಲು ಹೊರಗೆ ಹೋದಾಗ ಕೇಳಿದರು: “ಅಂಗಾದ್ರೆ ಹುಂಜ ಹೊರಗಿಂದು ಬರ್ಬೇಕಿತ್ತು, ಅಷ್ಟೇನಾ?”

“ಹೇಂಟೆಲೂ ತಪ್ಪಿಲ್ಲ, ಹುಂಜದಲ್ಲೂ ತಪ್ಪಿಲ್ಲ ಅಮ್ಮ. ಎರಡೂ ಗಟ್ಟಿಮುಟ್ಟಾಗಿವೆ. ಒಂದೇ ದೋಷ ಎರಡರಲ್ಲೂ ಅಡಗಿರ್ತದೆ. ಎರಡು ಕಡೆಯಿಂದಲೂ ಅದೇ ಬಂದ ಮೊಟ್ಟೆ ಮಾತ್ರ ಹಿಂಗಾಗ್ತದೆ.”

“ನಮ್ಮ ಮನೇಲೂ...”

“ನಾನು ಕೋಳಿಯದ್ದು ಹೇಳಬಲ್ಲೆ. ಮನುಷ್ಯರದ್ದು ಡಾಕ್ಟರೇ ಹೇಳಬೇಕು.”

ಅವರು ಗೋಡೆಗೆ ಆತುಕೊಂಡರು. “ಅವಳನ್ನ ತಂದೋಳು ನಾನೇ ಮೇಡಮ್ಮಾ. ಹೊರಗಿನ ಹುಡುಗಿ ಬೇಡ ಅಂತ ಹಟ ಮಾಡಿದ್ದೂ ನಾನೇ.”

ಅನಿತಾ ವಂಶವಾಹಿ ರೋಗಗಳ ಡಾಕ್ಟರೊಬ್ಬರನ್ನು ಹುಡುಕಿ ಗೊತ್ತು ಮಾಡಿಕೊಟ್ಟಳು. ಬೆಂಗಳೂರಿಗೆ ನಾನೂ ಜೊತೆಗೆ ಹೋದೆ. ಶ್ರೀನಾಥ, ಗಾಯತ್ರಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಇಬ್ಬರಲ್ಲೂ ಒಂದೇ ದೋಷ ಅಡಗಿತ್ತು. ಡಾಕ್ಟರು ಸಮಾಧಾನವಾಗಿ ವಿವರಿಸಿದರು: ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಮೂರು ಪಾಲು ಕ್ಷೇಮ, ಇದರಲ್ಲಿ ಹೆಂಗಸಿನ ತಪ್ಪು ಅಂತ ಯಾವುದೂ ಇಲ್ಲ. ಶ್ರೀನಾಥ ಮಾತು ಕಡಿಮೆಯ ಹುಡುಗ. ತಲೆ ತಗ್ಗಿಸಿ ಕೇಳುತ್ತಿದ್ದವನು, “ಅಂಗಾದ್ರೆ ಅರ್ಧ ನಂದೂ ಐತಲ್ಲ. ನನಗ್ಯಾರೂ ಏನೂ ಅನ್ಲಿಲ್ಲ” ಎಂದ. ಗಾಯತ್ರಿ ಅವನ ಕಡೆ ತಿರುಗಿ ನೋಡಿದಳು. ಮಗುವಿನ ಕೈಯ ವಿಷಯ ಅತ್ತೆ ಸೊಸೆಗೆ ಹೇಳಿದ್ದು ಅಂದೇ, ವಾಪಸು ಬರುವ ದಾರಿಯಲ್ಲಿ. ಗಾಯತ್ರಿ ಅಳಲಿಲ್ಲ. “ಮೊದಲೇ ಹೇಳಿದ್ರೆ ನಾನೂ ಒಂದ್ಸಲ ಮುಟ್ಕೊಂತಿದ್ದೆ ಅತ್ತೆ” ಎಂದಳು.

ಕೋಳಿಯದೂ ಇವರದೂ ಒಂದೇ ಜೀನಾ ಎಂದು ಅನಿತಾ ಆಮೇಲೆ ಪರೀಕ್ಷಿಸಿದಳು. ಒಂದೇ ಅಲ್ಲ. ಆದರೆ ಎರಡೂ ಬೆರಳಿಗೆ ಜಾಗ ತಿಳಿಸುವ ಒಂದೇ ಏರ್ಪಾಟಿಗೆ ಸೇರಿದವು. ಆ ಏರ್ಪಾಟು ಮೀನಿನ ಕಾಲದಿಂದ ಬಂದದ್ದು, ಕೋಳಿಗೂ ನಮಗೂ ಸಮಾನ. ಒಂದೇ ಸೂರಿನ ಕೆಳಗೆ ಎರಡೂ ಕಡೆ ಅದೇ ಕಡಿದುಹೋದದ್ದು ಹೇಗೆ? ಹೊರಗಿನ ಹುಂಜ ಬಿಡಲಿಲ್ಲ, ಹೊರಗಿನ ಹೆಣ್ಣು ತರಲಿಲ್ಲ, ಅಡಗಿದ್ದದ್ದು ಮೇಲೆ ಬಂತು. ಅಷ್ಟು ಸರಿ. ಆದರೆ ಅದೇ ಮನೆ, ಅದೇ ಕೈ? ಕಾಕತಾಳೀಯ ಎಂದಳು ಅನಿತಾ. ಇರಬಹುದು. ನನಗೆ ಇಂದಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಗಾಯತ್ರಿ ಮತ್ತೆ ಬಸುರಿಯಾದಳು. ಹೊಟ್ಟೆಯಲ್ಲಿ ಅದು ಹೇಗಿರುತ್ತದೆಂದು ನೋಡಬೇಕು ಎಂದು ಒಬ್ಬಳೇ ನನ್ನ ಲ್ಯಾಬಿಗೆ ಬಂದಳು. ಚಿಪ್ಪಿನ ಕಿಟಕಿಯಿಂದ ಜೀವಂತ ಭ್ರೂಣ ತೋರಿಸಿದೆ. ಪದ್ಮ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಳು. ಗಾಯತ್ರಿ ಬಹಳ ಹೊತ್ತು ನೋಡಿದಳು. “ಕೈ ಇನ್ನೂ ಬಂದಿಲ್ಲ” ಎಂದಳು. “ಇಲ್ಲೆಲ್ಲೋ ಬರ್ಬೇಕು, ಅಲ್ವಾ? ಈ ಗುಬುಟು?” ಹೌದೆಂದೆ. “ಈಗ್ಲೇ ತೀರ್ಮಾನ ಆಗ್ತಾ ಐತೆ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಸ್ಕ್ಯಾನಿಂಗ್ ದಿನ ನಾನೂ ಇದ್ದೆ. ಬೂದುಬಣ್ಣದ ಪರದೆಯ ಮೇಲೆ ಮಗು ಮುಷ್ಟಿ ಮುಚ್ಚಿಕೊಂಡಿತ್ತು. ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಕಾದರು. ನಾರಾಯಣಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಮುಷ್ಟಿ ಬಿಚ್ಚಿತು. ನಾನು ಉಸಿರು ಬಿಡುವುದರೊಳಗೆ ಗಾಯತ್ರಿಯೇ ಹೇಳಿದಳು: “ಐದು.”

ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ನನ್ನನ್ನೂ ಪದ್ಮಳನ್ನೂ ಕರೆದಿದ್ದರು. ಅಂಗಳದಲ್ಲಿ ಕೆಂಚು, ಚುಕ್ಕೆ ಕೋಳಿಗಳು ಓಡಾಡುತ್ತಿದ್ದವು. ಶ್ರೀನಿವಾಸಪುರದಿಂದ ಗಾಯತ್ರಿಯ ತಂದೆ, ಅಣ್ಣ, ಅತ್ತಿಗೆ ಎಲ್ಲರೂ ಬಂದಿದ್ದರು. ಎಲೆ ಹಾಕಿ ಬಡಿಸಲು ಶುರು ಮಾಡಿದ್ದರು. ಅತ್ತಿಗೆ ಕಂಕುಳಲ್ಲಿದ್ದ ತನ್ನ ಗಂಡುಮಗುವನ್ನು ಕೆಳಗಿಳಿಸಿ, ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು.

“ಬಂದ್ಲು ನೋಡಿ ನಮ್ಮ ಹುಡುಗನ ಹೆಂಡ್ತಿ” ಎಂದಳು. ಎಲ್ಲರೂ ನಕ್ಕರು. ಗಾಯತ್ರಿಯ ತಂದೆ ಎಲೆಯ ಮುಂದೆ ಕೂತಿದ್ದವರು, “ಮತ್ತೇನು? ಮಾತು ಇವತ್ತೇ ಆಗೋಗಲಿ. ನಮ್ಮನೆ ಹೆಣ್ಣು ಇಲ್ಲಿಗೆ ಬಂದೈತೆ, ಈ ಮನೆ ಹೆಣ್ಣು ಅಲ್ಲಿಗೆ” ಎಂದರು.

ನಾರಾಯಣಮ್ಮ ಸೌಟು ಕೆಳಗಿಟ್ಟು ಬಂದರು. ಅತ್ತಿಗೆಯ ಕೈಯಿಂದ ಮಗುವನ್ನು ತೆಗೆದುಕೊಂಡರು.

“ಕೊಡಲ್ಲ ಅಣ್ಣಾ.”

“ತಮಾಷೆಗಂದ್ರೆ...”

“ನಂದು ತಮಾಷೆ ಅಲ್ಲ. ಈ ಕೂಸಿನ ಮೈಯಲ್ಲೂ ಅದು ಅಡಗಿರಬೋದು ಅಂದವ್ರೆ ಡಾಕ್ಟ್ರು. ನಿನ್ನ ಮೊಮ್ಮಗನ ಮೈಯಲ್ಲೂ ಇರಬೋದು. ನಮ್ಮ ಸುತ್ತಿನೊಳಗೆ ಇವಳನ್ನ ಯಾರಿಗೂ ಕೊಡಲ್ಲ.”

ಗಾಯತ್ರಿಯ ತಂದೆ ಎಲೆಗೆ ಕೈ ಹಚ್ಚದೆ ಎದ್ದರು. ನಾಲ್ಕು ಜನರ ಮುಂದೆ ಅಣ್ಣನ ಮನೆಗೆ ದೋಷ ಹೊರಿಸಿದಳು ಎಂದು ಕೂಗಾಡಿದರು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಗಾಯತ್ರಿಯ ಅಣ್ಣ ಅತ್ತಿಗೆ ತಮ್ಮ ಮಗುವನ್ನೆತ್ತಿಕೊಂಡು ಹಿಂದೆ ಓಡಿದರು. ನಾರಾಯಣಮ್ಮ ತಡೆಯಲಿಲ್ಲ. ತಮ್ಮ ಅಣ್ಣ ರಸ್ತೆಯ ತಿರುವು ದಾಟುವವರೆಗೆ ನೋಡುತ್ತ ನಿಂತರು. ಗಾಯತ್ರಿ ಹೋಗಿ ಅವರ ಪಕ್ಕ ನಿಂತು ಮಗುವಿನ ಭಾರವನ್ನು ತಾನೂ ಅರ್ಧ ಹಿಡಿದಳು.

ಸ್ವಲ್ಪ ಹೊತ್ತಿನ ಮೇಲೆ ನಾರಾಯಣಮ್ಮ ಕೂತಿದ್ದವರ ಕಡೆ ತಿರುಗಿದರು.

“ಉಣ್ಣಿ” ಎಂದರು. “ಅನ್ನ ಆರೋಗ್ತದೆ.”